ಹಳೇ ಸಣ್ಣ ಕಾರಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬದಲಾಯಿಸ್ಲೇಬೇಕಾ?

ಹಳೇಗಾಡಿ: ಚೆಕ್ ಇಂಜಿನ್ ಲೈಟ್ ಆರ್ತಾನೇ ಇಲ್ಲ, ಸ್ಕ್ಯಾನ್ ಮಾಡಿದ್ರೆ ಪಿ0420 (ಕನ್ವರ್ಟರ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋ ಕೋಡ್) ಅಂತ ಬರ್ತಿದೆ, ಮೆಕ್ಯಾನಿಕ್ ನೋಡಿದ ತಕ್ಷಣ ಕನ್ವರ್ಟರ್, ಅಂದ್ರೆ ಹೊಗೆಯಲ್ಲಿನ ವಿಷಾನಿಲ ಕಮ್ಮಿ ಮಾಡೋ ಭಾಗ, ಹೋಗಿದೆ ಹೊಸದು ಹಾಕ್ಸಿ ಅಂದ್ರು. ಪಿಕಪ್ ಚೆನ್ನಾಗೇ ಇದೆ. ಮೊದ್ಲು ಹೊಗೆಯಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡೋ ಆಕ್ಸಿಜನ್ ಸೆನ್ಸರ್ ಬದಲಾಯಿಸಿ ನೋಡ್ಲಾ?

ಸ್ಪ್ಯಾನರ್: ಸುಮ್ನೆ ಸೆನ್ಸರ್ ತಗೋಬೇಡಿ. ಇಂಜಿನ್ ಚೆನ್ನಾಗಿ ಬಿಸಿ ಆದ್ಮೇಲೆ ಸ್ಕ್ಯಾನರಲ್ಲಿ ಲೈವ್ ಡೇಟಾ ನೋಡಿ, ಕನ್ವರ್ಟರ್ ಆದ್ಮೇಲೆ ಇರೋ ಹಿಂದಿನ ಸೆನ್ಸರ್ ವೋಲ್ಟೇಜ್ ಹೆಚ್ಚುಕಮ್ಮಿ ಒಂದೇ ಕಡೆ ನಿಂತಿರ್ಬೇಕು, ಅದೂ ಕನ್ವರ್ಟರ್‌ಗೆ ಮುಂಚೆ ಇರೋ ಮುಂದಿನದರ ಥರಾನೇ 0.1ರಿಂದ 0.9 ವೋಲ್ಟ್ ಅಂತ ಕುಣೀತಿದ್ರೆ ಕನ್ವರ್ಟರ್ ಕೆಲಸ ಮಾಡ್ತಿಲ್ಲ ಅಂತ ಅರ್ಥ. ಆದ್ರೆ ಎಕ್ಸಾಸ್ಟ್ ಲೀಕ್ ಇದ್ರೂ ಇದೇ ಕೋಡ್ ಬರುತ್ತೆ, ಅದನ್ನ ಮೊದ್ಲು ನೋಡ್ಸಿ.

ಸೈಲೆನ್ಸರ್: ಇಂಜಿನ್ ಆಯಿಲ್ ಕುಡೀತಿದ್ಯಾ ಹೇಳಿ! ಆಯಿಲ್ ಸುಡೋದು, ಮಿಸ್‌ಫೈರ್ (ಪೆಟ್ರೋಲ್ ಸರಿಯಾಗಿ ಉರೀದೇ ಇರೋದು) ಆಗೋದು ಸರಿ ಮಾಡ್ದೆ ಹೊಸದು ಹಾಕಿದ್ರೆ ಅದೂ ಹಾಳಾಗುತ್ತೆ. ತೀರಾ ಅಗ್ಗದ್ದು ತಗೋಬೇಡಿ, ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ ಕಮ್ಮಿ ಇರುತ್ತೆ, ಲೈಟ್ ವಾಪಸ್ ಬರುತ್ತೆ.

ಹಳೇಗಾಡಿ: ಆಯಿಲ್ ಸ್ವಲ್ಪ ಕಮ್ಮಿ ಆಗ್ತಿದೆ ನಿಜ. ಒಳಗಿನದನ್ನ ಒಡೆದು ಖಾಲಿ ಬಿಟ್ರೆ?

ಸ್ಪ್ಯಾನರ್: ಬೇಡವೇ ಬೇಡ ಗುರು, ಹೊಗೆ ಟೆಸ್ಟಲ್ಲಿ ಸಿಕ್ಕಾಕೋತೀರ, ಲೈಟೂ ಆರಲ್ಲ. ಬದಲಾಯಿಸೋದಾದ್ರೆ ಹಿಂದಿನ ರಾತ್ರೀನೇ ತುಕ್ಕು ಬಿಡಿಸೋ ಸ್ಪ್ರೇ ಹೊಡೆದಿಡಿ, ಹಳೇ ಗಾಡಿ ಬೋಲ್ಟ್ ಮುರಿಯೋದೇ ದೊಡ್ಡ ತಲೆನೋವು. ಜೋಡಣೆ ಮಧ್ಯೆ ಲೀಕ್ ತಡೆಯೋ ಗ್ಯಾಸ್ಕೆಟ್ ಹೊಸದೇ ಹಾಕಿ.