‘ವೇಗದ ಫಿಲ್ಮ್’ ಅನ್ನಬಹುದೇ?

ನಮಸ್ಕಾರ. ಹಲ್ಲಿನ ಎಕ್ಸ್‌ರೇ ಬಗ್ಗೆ ರೋಗಿಗಳ ಕೈಗೆ ಕೊಡಲು ಕನ್ನಡದಲ್ಲಿ ಒಂದು ಕರಪತ್ರ ಬರೆಯುತ್ತಿದ್ದೇನೆ. ಎರಡು ಹಲ್ಲುಗಳ ಸಂದಿಯಲ್ಲಿ ಹುಳುಕು ಹಿಡಿದರೆ ಕನ್ನಡಿ ಹಿಡಿದು ನೋಡಿದರೂ ಕಾಣದು. ಬೈಟ್‌ವಿಂಗ್ ಫಿಲ್ಮ್ ಕಚ್ಚಿಸಿ ತೆಗೆದರೆ ಬೆಳ್ಳಗಿನ ಎನಾಮಲ್ ಮೇಲೆ ಕಪ್ಪು ಮಚ್ಚೆಯಾಗಿ ಕಾಣುತ್ತದೆ. ಇಷ್ಟು ಬರೆಯಲು ತೊಡಕಾಗಲಿಲ್ಲ. ಸಿಕ್ಕಿಕೊಂಡದ್ದು ಫಿಲ್ಮಿನ ‘ಸ್ಪೀಡ್’ ಬಳಿ.

ಚಿತ್ರ ಮೂಡಲು ಎಷ್ಟು ಕಡಿಮೆ ಕಿರಣ ಸಾಕೋ ಫಿಲ್ಮಿನ ಸ್ಪೀಡ್ ಅಷ್ಟು ಹೆಚ್ಚು. ಇದರ ಪ್ರಕಾರ ಫಿಲ್ಮಿನಲ್ಲಿ ಡಿ, ಇ, ಎಫ್ ಎಂಬ ದರ್ಜೆಗಳಿವೆ. 1981ರಲ್ಲಿ ಕೊಡಾಕ್ ಇ ದರ್ಜೆಯ ಎಕ್ಟಾಸ್ಪೀಡ್ ತಂದಾಗ, ಡಿ ಫಿಲ್ಮಿಗೆ ಬೇಕಿದ್ದ ಕಿರಣದ ಅರ್ಧದಷ್ಟೇ ಸಾಕಾಯಿತು. 2000ದಲ್ಲಿ ಬಂದ ಎಫ್ ದರ್ಜೆಯ ಇನ್‌ಸೈಟ್ ಅದನ್ನು ಇನ್ನೂ ಇಳಿಸಿತು. ಹುಳುಕು ಗುರುತಿಸುವುದರಲ್ಲಿ ಇವುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದೇ ಹೋಲಿಸಿ ನೋಡಿದ ಹೆಚ್ಚಿನ ಅಧ್ಯಯನಗಳು ಹೇಳಿವೆ. ಹಾಗಿದ್ದಮೇಲೆ ಮಕ್ಕಳ ಬಾಯಿಗೆ ಹೆಚ್ಚು ಕಿರಣ ಯಾಕೆ ಬಿಡಬೇಕು? ಕರಪತ್ರ ಬರೆಯಲು ಹೊರಟಿದ್ದೇ ಈ ಮಾತು ಹೇಳಲಿಕ್ಕೆ.

ಮೊದಲ ಕರಡಿನಲ್ಲಿ ‘ವೇಗದ ಫಿಲ್ಮ್’ ಎಂದು ಬರೆದಿದ್ದೆ. ಮಗನನ್ನು ಕರೆತಂದಿದ್ದ ತಾಯಿಯೊಬ್ಬರು ಓದಿ, “ಹಾಗಾದ್ರೆ ಫೋಟೊ ಬೇಗ ಬರುತ್ತಾ ಡಾಕ್ಟ್ರೆ? ನಾಲ್ಕೂವರೆ ಬಸ್ಸು ಸಿಗುತ್ತಾ?” ಎಂದರು. ಅವರು ಓದಿದ್ದು ಸರಿಯಾಗಿಯೇ ಇತ್ತು, ತಪ್ಪು ನನ್ನ ಪದದ್ದು. ಕನ್ನಡದಲ್ಲಿ ವೇಗ ಎಂದರೆ ಏನೋ ಓಡಬೇಕು.

ಆಮೇಲೆ ‘ಸೂಕ್ಷ್ಮ ಫಿಲ್ಮ್’ ಎಂದು ತಿದ್ದಿದೆ. ಅದು ಇನ್ನೂ ದಾರಿ ತಪ್ಪಿಸುತ್ತದೆ. ಸೂಕ್ಷ್ಮ ಎಂದರೆ ಬೇಗ ಸ್ಪಂದಿಸುವಂಥದ್ದು ಹೌದು, ನವುರಾದದ್ದು ಎಂದೂ ಹೌದು. ಫಿಲ್ಮಿನಲ್ಲಿ ಈ ಎರಡು ಗುಣಗಳು ಸಾಮಾನ್ಯವಾಗಿ ಜೊತೆಗಿರುವುದಿಲ್ಲ: ಕಿರಣ ಕಡಿಮೆ ಸಾಕಾಗಬೇಕೆಂದರೆ ಬೆಳ್ಳಿಯ ಹರಳು ದೊಡ್ಡದಾಗಬೇಕು, ಹರಳು ದೊಡ್ಡದಾದರೆ ಚಿತ್ರ ತುಸು ಒರಟು. ಹರಳನ್ನು ಚಪ್ಪಟೆಯಾಗಿಸಿ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಂಡಿದ್ದಾರೆ, ನಿಜ. ಆದರೂ ‘ಸೂಕ್ಷ್ಮ’ ಎಂದು ಓದಿದವರು ಸಣ್ಣ ಹುಳುಕೂ ಇದರಲ್ಲಿ ಹೆಚ್ಚು ಚೆನ್ನಾಗಿ ಕಾಣುತ್ತದೆ ಎಂದುಕೊಂಡಾರು.

ಈಗ ಮನಸ್ಸು ‘ಚುರುಕು’ ಕಡೆ ವಾಲಿದೆ. ಡಿ ಫಿಲ್ಮ್ ತೊಳೆಯುವಾಗ ಹಚ್ಚಿಡುತ್ತಿದ್ದ ಹಳದಿ ದೀಪದಡಿ ಎಫ್ ಫಿಲ್ಮ್ ಬಿಚ್ಚಿದರೆ ಅದು ಆ ಬೆಳಕನ್ನೂ ಹಿಡಿದು ಮಸುಕಾಗುತ್ತದೆ, ಕೆಂಪು ದೀಪವೇ ಬೇಕು. ಚುರುಕುತನ ಎಂದರೆ ಇದೇ ಅಲ್ಲವೇ? ಅಳುಕು ಒಂದೇ. ಗಾಯಕ್ಕೆ ಟಿಂಚರ್ ಹಚ್ಚಿದಾಗಲೂ ‘ಚುರುಕು ಚುರುಕು’ ಅನ್ನುತ್ತೇವೆ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತ ಮಗುವಿಗೆ ‘ಚುರುಕು ಫಿಲ್ಮ್’ ಎಂದರೆ ಬಾಯಿ ಬಿಡದೇ ಹೋದೀತು.

ನಿಮ್ಮ ಕಡೆ ‘ಚುರುಕು’ ಎಂದಾಗ ಮೊದಲು ನೆನಪಾಗುವುದು ಜಾಣತನವೋ, ಉರಿಯೋ? ಧಾರವಾಡ, ಮಂಗಳೂರು ಕಡೆಯವರು ದಯವಿಟ್ಟು ಹೇಳಿ. ಬೇರೆ ಪದ ಹೊಳೆದರೆ ಅದನ್ನೂ ಬರೆಯಿರಿ. ಅಲ್ಲಿಯವರೆಗೆ ಕರಪತ್ರದಲ್ಲಿ ‘ಕಡಿಮೆ ಕಿರಣ ಸಾಕಾಗುವ ಫಿಲ್ಮ್’ ಎಂದು ಉದ್ದಕ್ಕೇ ಬರೆದಿಟ್ಟಿದ್ದೇನೆ.