ಸಹಾಯ ಬೇಕು: ದನಿಯ ಗುರುತು ಸಿಗದಂತೆ ಮಾಡುವುದು ಹೇಗೆ?

ರಾತ್ರಿ ಪಾಳಿಯವರು, ನಿದ್ದೆ ಬಾರದವರು ಹೆಸರು ಹೇಳದೆ ಮನಸ್ಸು ಬಿಚ್ಚಿಡುವ ಧ್ವನಿ ಸಂಗ್ರಹವೊಂದಕ್ಕೆ ಸಲಹೆ ಬೇಕು. ಧ್ವನಿ ಕಳುಹಿಸುವ ಫಾರ್ಮ್‌ನಲ್ಲಿ ಇಮೇಲ್ ಕೇಳುವ ಆಯ್ಕೆ ಆಫ್ ಆಗಿದೆ. ತೊಡಕಿರುವುದು ದನಿಯಲ್ಲಿ. ಪಿಚ್ (ದನಿ ಎಷ್ಟು ತೆಳು, ಎಷ್ಟು ದಪ್ಪ ಎಂಬುದು) ಮಾತ್ರ ಬದಲಿಸಿದರೆ, ಅಷ್ಟೇ ಪ್ರಮಾಣದಲ್ಲಿ ಹಿಂದಕ್ಕೆ ತಿರುಗಿಸಿ ಮೂಲ ದನಿಯನ್ನು ಹೆಚ್ಚುಕಡಿಮೆ ಪಡೆಯಬಹುದು. ಮಾತಿನ ಲಯ, ಉಚ್ಚಾರಣೆಯಂತೂ ಹಾಗೇ ಉಳಿಯುತ್ತವೆ. ಅದೇ ಮಾತುಗಳನ್ನು ಬೇರೆಯವರಿಂದ ಓದಿಸಿದರೆ ಸುರಕ್ಷಿತ, ಆದರೆ ಗಂಟಲು ಕಟ್ಟಿದಾಗಿನ ಮೌನ ಕಳೆದುಹೋಗುತ್ತದೆ. ಅದು ಕಳೆಯಬಾರದು.

ಹಿನ್ನೆಲೆ ಸದ್ದಿನದೂ ಭಯವಿದೆ. ಊರು ಮಲಗಿರುವಾಗ ದೂರದ ರೈಲಿನ ಘೋಷಣೆಯೂ ಸ್ಪಷ್ಟವಾಗಿ ಕೇಳಿ ಜಾಗ ಬಯಲಾಗುತ್ತದೆ. ಸಾಮಾನ್ಯ ನಾಯ್ಸ್ ರಿಡಕ್ಷನ್ (ಹಿನ್ನೆಲೆ ಸದ್ದು ತಗ್ಗಿಸುವ ಸೌಲಭ್ಯ) ಫ್ಯಾನಿನಂಥ ಒಂದೇ ಸಮನೆಯ ಸದ್ದನ್ನು ತಗ್ಗಿಸುತ್ತದೆ, ಇಂಥವನ್ನಲ್ಲ. ಆ ತುಣುಕನ್ನು ಕತ್ತರಿಸಲೇಬೇಕು.

ಉಸಿರು, ತಡವರಿಕೆ ಉಳಿಸಿಕೊಂಡೇ ದನಿ ಮರೆಮಾಡುವ, ಇಂಟರ್ನೆಟ್ ಇಲ್ಲದೆ ಲ್ಯಾಪ್‌ಟಾಪಿನಲ್ಲೇ ನಡೆಯುವ ವಿಧಾನ ಬಳಸಿದವರಿದ್ದರೆ ದಯವಿಟ್ಟು ಹಂತ ಹಂತವಾಗಿ ತಿಳಿಸಿ.