ಜರ್ಮನಿಗೆ ಎಕ್ಸ್‌ಚೇಂಜ್ ಹೊರಟಿದ್ದೇನೆ, ಜನರ ಜೊತೆ ಬೆರೆಯೋದು ಹೇಗೆ?

ಶಿರಸಿ ಹುಡುಗಿ:
ನಮಸ್ಕಾರ. ಅಕ್ಟೋಬರ್‌ನಿಂದ ಒಂದು ಸೆಮಿಸ್ಟರ್ ಜರ್ಮನಿಯಲ್ಲಿ ಓದಲಿಕ್ಕೆ ಹೋಗುತ್ತಿದ್ದೇನೆ. ವೀಸಾ ಬಂತು, ಹಾಸ್ಟೆಲ್ ರೂಮೂ ಸಿಕ್ಕಿತು. ಓದಿನ ಹೆದರಿಕೆ ಇಲ್ಲ. ಆದರೆ ನನಗೆ ಮಾತು ಕಡಿಮೆ. ಹುಬ್ಬಳ್ಳಿ ಹಾಸ್ಟೆಲ್‌ನಲ್ಲೇ ಎರಡು ತಿಂಗಳು ಸುಮ್ನೆ ಮೊಬೈಲ್ ನೋಡುತ್ತಾ ಕೂತಿದ್ದೆ, ಕಡೆಗೆ ಅಮ್ಮ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ವಾಸನೆಗೆ ಪಕ್ಕದ ರೂಮಿನವರೇ ಬಂದು ಮಾತಾಡಿಸಿದರು. ಅಲ್ಲಿ ಹಾಗೆಲ್ಲ ಯಾರೂ ಬರುವುದಿಲ್ಲ, ಜನ ಬಿಗಿ ಅಂತಾರೆ. ನಿಜವಾ? ಹೋಗಿ ಬಂದವರು ಹೇಳಿ.

ಹೆಗಡೆಕಟ್ಟಾ ಮಾಣಿ:
ಬಿಗಿ ಅಲ್ಲ ತಂಗೀ, ಹೇಳಿದ್ದನ್ನು ಹೇಳಿದ ಹಾಗೇ ತಗೊಳ್ಳುತ್ತಾರೆ, ಅಷ್ಟೇ. ನಮ್ಮ ಕಡೆ ಯಾರ ಮನೆಗೆ ಹೋದರೂ "ಆಸರಿಗೆ ಎಂತ ಬೇಕು" ಕೇಳುತ್ತಾರೆ, ನಾವು ಎಂತದೂ ಬೇಡ ಅನ್ನುತ್ತೇವೆ, ಅವರು ಬೆಲ್ಲ ನೀರು ತಂದು ಇಟ್ಟೇ ಇಡುತ್ತಾರೆ, ಅಲ್ವಾ? ಅಲ್ಲಿ ಬೇಡ ಅಂದರೆ ಬೇಡ. ನಾನು ಹೋದ ಮೊದಲ ವಾರ ಪಕ್ಕದ ರೂಮಿನವನು ಕೇಕ್ ಬೇಕಾ ಅಂತ ಕೇಳಿದ. ನನಗೆ ಗೊತ್ತಿದ್ದ ಒಂದೇ ಮಾತು "ಡಾಂಕೆ", ಅಂದರೆ ಧನ್ಯವಾದ. ಅದನ್ನು ಹೇಳಿ ತಟ್ಟೆ ನೋಡುತ್ತಾ ನಿಂತೆ, ಅವನು ತಟ್ಟೆ ಎತ್ತಿಕೊಂಡು ಹೋಗೇಬಿಟ್ಟ! ಕೊಡಲು ಬಂದಾಗ ಬರೀ ಡಾಂಕೆ ಅಂದರೆ ಸಾಮಾನ್ಯವಾಗಿ ಬೇಡ ಅಂತಲೇ ಅರ್ಥ. ಬೇಕಿದ್ದರೆ "ಯಾ, ಗೆರ್ನೆ" ಅನ್ನು. ಆ ಕೇಕ್ ಇನ್ನೂ ನೆನಪಿದೆ ನನಗೆ.

ಇನ್ನೊಂದು, ಹೀಗೇ ಬಂದೆ ಅಂತ ಯಾರ ಬಾಗಿಲನ್ನೂ ತಟ್ಟಬೇಡ. "ಗುರುವಾರ ಸಂಜೆ ಏಳಕ್ಕೆ ಕಾಫಿಗೆ ಹೋಗೋಣವಾ" ಅಂತ ದಿನ, ಹೊತ್ತು ಹೇಳಿ ಕೇಳು. "ಯಾವತ್ತಾದರೂ ಸಿಗೋಣ" ಅಂದರೆ ಯಾವತ್ತೂ ಸಿಗುವುದಿಲ್ಲ. ಯೂನಿವರ್ಸಿಟಿಯಲ್ಲಿ ಕಡಿಮೆ ಫೀಸಿನ ಆಟದ ಕ್ಲಾಸ್‌ಗಳಿರುತ್ತವೆ, ಹೋಖ್‌ಶೂಲ್‌ಸ್ಪೋರ್ಟ್ ಅಂತ ಕರೆಯುತ್ತಾರೆ. ಬ್ಯಾಡ್ಮಿಂಟನ್‌ಗೆ ಸೇರು. ಮಾತು ಬರದವರಿಗೆ ವಾರವಾರ ಅದೇ ಮುಖ ನೋಡುವುದೇ ದೊಡ್ಡ ಉಪಕಾರ.

ಕಾಳಿ ಸೇತುವೆ:
ನಾನು ಕಾರವಾರದವನು. ಹಾಸ್ಟೆಲ್‌ನಲ್ಲಿ ಅಡುಗೆಮನೆ ಎಲ್ಲರಿಗೂ ಸೇರಿ ಒಂದೇ ಇದ್ದರೆ ನಿಮ್ಮ ಅದೃಷ್ಟ. ರೂಮಿನಲ್ಲಿ ತಿನ್ನಬೇಡಿ, ಅಲ್ಲೇ ಕೂತು ತಿನ್ನಿ. ನನ್ನ ದೋಸ್ತಿ ಎಲ್ಲ ಆದದ್ದು ಅಲ್ಲೇ. ಒಂದು ದಿನ ಒಣ ಶೆಟ್ಲಿ (ಸೀಗಡಿ) ಹುರಿಯಲು ಹೋಗಿ ಹೊಗೆ ಅಲಾರಂ ಹೊಡೆದು ಇಡೀ ಮಹಡಿ ಚಳಿಯಲ್ಲಿ ಹೊರಗೆ ನಿಂತಿತ್ತು. ಬೈಯುತ್ತಾರೆ ಅಂದುಕೊಂಡೆ, ಮರುದಿನ ಅದೇ ಜನ "ನಿನ್ನೆ ಏನು ಸುಟ್ಟೆ" ಅಂತ ನಗುತ್ತಾ ಬಂದರು. ನಿಮ್ಮ ಒಗ್ಗರಣೆಗೂ ಕಿಟಕಿ ತೆಗೆದಿಟ್ಟುಕೊಳ್ಳಿ! ರವಿವಾರ ಅಂಗಡಿಗಳೆಲ್ಲ ಹೆಚ್ಚುಕಡಿಮೆ ಬಂದ್, ಶನಿವಾರವೇ ಸಾಮಾನು ತನ್ನಿ. ರಾತ್ರಿ ಹತ್ತರ ಮೇಲೆ ಗಲಾಟೆ ಬೇಡ.

ಕುಮಟಾ ಅಕ್ಕ:
ಮೇಲಿನ ಇಬ್ಬರೂ ಚಳಿಗಾಲದ ವಿಷಯ ಬಿಟ್ಟರು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂಕಾಲಿಗೆಲ್ಲ ಕತ್ತಲೆ. ನಮ್ಮ ಕಡೆ ಜೂನ್ ಮಳೆಗೂ ಹಗಲು ಅಂತ ಒಂದಿರುತ್ತದೆ. ಅಕ್ಟೋಬರ್ ಕೊನೆಯ ರವಿವಾರ ಅಲ್ಲಿ ಗಡಿಯಾರ ಒಂದು ತಾಸು ಹಿಂದೆ ಹೋಗುತ್ತದೆ, ಮೂರೂವರೆ ತಾಸು ಇದ್ದ ಅಂತರ ನಾಲ್ಕೂವರೆ ಆಗುತ್ತದೆ. ನೀವು ಊಟ ಮುಗಿಸಿ ಎಂಟಕ್ಕೆ ಫೋನ್ ಮಾಡಿದರೆ ಅಮ್ಮನಿಗೆ ಹನ್ನೆರಡೂವರೆ ರಾತ್ರಿ, ನನ್ನ ಅಮ್ಮ ಒಮ್ಮೆ ಗಾಬರಿಯಾಗಿ ಅಪ್ಪನನ್ನೂ ಎಬ್ಬಿಸಿದ್ದರು. ಕತ್ತಲಾಯಿತು ಅಂತ ರೂಮ್ ಸೇರಿಕೊಂಡರೆ ಆಮೇಲೆ ಹೊರಗೆ ಹೊರಡಲು ಮನಸ್ಸೇ ಬರುವುದಿಲ್ಲ, ಆ ಬ್ಯಾಡ್ಮಿಂಟನ್ ಸಂಜೆ ಹೊತ್ತಿಗೇ ಹಾಕಿಸಿಕೊಳ್ಳಿ.

ಹುಟ್ಟುಹಬ್ಬಕ್ಕೆ ಒಂದು ದಿನ ಮೊದಲೇ ಶುಭಾಶಯ ಹೇಳಬೇಡಿ, ಅಲ್ಲಿ ಅದು ಅಪಶಕುನ. ನಿಮ್ಮ ಹುಟ್ಟುಹಬ್ಬಕ್ಕೆ ಕೇಕ್ ತರಬೇಕಾದವರೂ ನೀವೇ. ಉಪ್ಪಿನಕಾಯಿ ಒಯ್ಯಿರಿ, ಆದರೆ ತುಪ್ಪ ಬೇಡ, ಹೊರಗಿನಿಂದ ಬರುವವರು ಹಾಲಿನ ಪದಾರ್ಥ ತರುವಂತಿಲ್ಲ.

ಶಿರಸಿ ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. "ಯಾ, ಗೆರ್ನೆ" ಬರೆದಿಟ್ಟುಕೊಂಡೆ. ಬ್ಯಾಡ್ಮಿಂಟನ್ ಬರುವುದಿಲ್ಲ, ಆದರೂ ಸೇರುತ್ತೇನೆ. ತೊಂದರೆ ಇರುವುದು ಬೇರೆ ಕಡೆ. ಅಮ್ಮ ನಿನ್ನೆಯೇ ಎರಡು ಕಿಲೋ ತುಪ್ಪ ಕಾಸಿ ಡಬ್ಬಿಗೆ ತುಂಬಿಸಿ ಇಟ್ಟಿದ್ದಾಳೆ. ಯಾರು ಹೇಳೋದು ಅವಳಿಗೆ?